ತಾರ್ಲೆ ಎಣ್ಣೆ ಹಚ್ಚಿದ ಟಯರುಗಳು

ಆ ಗಾಡಿಯ ಚಕ್ರಗಳ ಬಗ್ಗೆ ಅಭಿಪ್ರಾಯವಿಲ್ಲದ ಗಂಡಸು ಆ ವರ್ಷ ಕಾರವಾರದಲ್ಲಿ ನನಗೆ ಒಬ್ಬನೂ ಸಿಗಲಿಲ್ಲ. ಪಂಪಿನಲ್ಲಿ ಡೀಸೆಲ್ ಹಾಕುವವನು ಪೈಪು ಸಿಗಿಸಿಟ್ಟು ಬಗ್ಗಿ ನೋಡುತ್ತಿದ್ದ. ಕೋಡಿಬಾಗದ ನಮ್ಮ ಮನೆ ಎದುರು ಸೈಕಲ್ಲಿನಲ್ಲಿ ಹೋಗುವವರು ಒಂದು ಕಾಲು ಊರಿ ನಿಂತು, ಚಕ್ರವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಇದ್ನ ಯಾರು ಓಡ್ಸೂದು?" ಎಂದು ಕೇಳುತ್ತಿದ್ದರು. ನಾನೇ ಎಂದರೆ ನಗುತ್ತಿದ್ದರು. ಮೊದಮೊದಲು ನನಗೂ ನಗು ಬರುತ್ತಿತ್ತು. ಆಮೇಲೆ ಸಿಟ್ಟು ಬರತೊಡಗಿತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಇಳಿಯಬೇಕೆಂದು ನನಗೆ ಆಸೆಯೂ ಇಲ್ಲ.

ಗಾಡಿ ನನ್ನ ತಮ್ಮನದು. ಹಡಗಿನಲ್ಲಿ ಕೆಲಸ ಮಾಡುವವನು. ಒಂದು ರಜೆಯಲ್ಲಿ ಗೋವೆಗೆ ಹೋದವನು ಯಾರೋ ಮಾರಲಿಟ್ಟಿದ್ದ ಎತ್ತರದ ಎಸ್‌ಯುವಿ ಕೊಂಡು ಓಡಿಸಿಕೊಂಡು ಬಂದ. ಕಂಪನಿಯಿಂದ ಬರುವಾಗ ಅದಕ್ಕೆ ಇದ್ದದ್ದು ಹದಿನೈದು ಇಂಚಿನ ಚಕ್ರ. ಹಿಂದಿನ ಮಾಲೀಕ ಅದನ್ನು ಬಿಚ್ಚಿಸಿ, ಹದಿನೆಂಟು ಇಂಚಿನ ಹೊಳೆಯುವ ಅಲಾಯ್ ಚಕ್ರ ಹಾಕಿಸಿದ್ದ. ಅದರ ಮೇಲೆ ಅಗಲದ ಟಯರು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟಯರು ಮಡ್‌ಗಾರ್ಡಿಗೆ ಉಜ್ಜಿ ಕರಕರ ಎನ್ನುತ್ತಿತ್ತು. ತಮ್ಮನಿಗೆ ಆ ಸದ್ದೂ ಇಷ್ಟ. ಮಾಜಾಳಿಯ ಕಡಲ ದಂಡೆಯ ಗಟ್ಟಿ ಮರಳಿನ ಮೇಲೆ ಇಪ್ಪತ್ತು ದಿನ ನನಗೆ ಗಾಡಿ ಕಲಿಸಿ, ಕೀಲಿ ಕೈಯಲ್ಲಿಟ್ಟು, "ಬೇಕಾದ್ದು ಮಾಡ್ಕ, ಆ ಚಕ್ರ ಒಂದು ಮುಟ್ಬೇಡ" ಎಂದು ಹೇಳಿ ಹಡಗು ಹತ್ತಿಬಿಟ್ಟ.

ನಾನು ಆಗ ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಅಕ್ಕೋರು. ನನ್ನ ತಾಯಿ, ಆಯಿ, ಅಂಕೋಲೆಯ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ಇಬ್ಬರೂ ಒಂದೇ ಊರಿಗೆ ಬೇರೆ ಬೇರೆ ಬಸ್ಸಿನಲ್ಲಿ ಎಷ್ಟೋ ವರ್ಷ ಹೋಗಿಬಂದವರು. ಅವಳ ಬಸ್ಸಿನಲ್ಲಿ ಬುಟ್ಟಿ ಇಡಲು ಜಾಗ ಇರಬೇಕು, ನನ್ನ ಬಸ್ಸಿನಲ್ಲಿ ಸೀರೆ ಮುದುಡದೆ ನಿಲ್ಲಲು ಜಾಗ ಇರಬೇಕು. ತಮ್ಮ ಹೋದ ಮಾರನೇ ವಾರದಿಂದ ಇಬ್ಬರೂ ಒಂದೇ ಗಾಡಿಯಲ್ಲಿ ಹೊರಟೆವು. ಕೊನೆಯ ಸೀಟು ಮಡಚಿ ಬುಟ್ಟಿ, ನಡುವಿನ ಸೀಟಿನಲ್ಲಿ ಅವಳ ಇಬ್ಬರು ಜೊತೆಗಾತಿಯರು. ಗಾಡಿಯೆಲ್ಲ ಮೀನು ವಾಸನೆ. ಹೆಡ್ಮಾಸ್ತರರು ಒಮ್ಮೆ ನನ್ನನ್ನು ಕರೆದು, "ಅಕ್ಕೋರೇ, ಗಾಡಿ ಸ್ವಲ್ಪ ಗೇಟಿನ ಹೊರಗೆ ನಿಲ್ಸಿದ್ರೆ ಆಗ್ತದಾ?" ಎಂದರು. ಅವರು ಮಧ್ಯಾಹ್ನ ಡಬ್ಬಿಯಲ್ಲಿ ತರುತ್ತಿದ್ದ ಸಿಗಡಿ ಪಲ್ಯ ಎಲ್ಲಿಂದ ಬರುತ್ತಿತ್ತೆಂದು ನನಗೆ ಗೊತ್ತಿತ್ತು. ಆಗುವುದಿಲ್ಲ ಎಂದೆ. ಗಾಡಿ ಗೇಟಿನೊಳಗಿನ ಗೋಳಿಮರದ ಕೆಳಗೇ ನಿಂತಿತು.

ಅಂಕೋಲೆ ಆಯಿಯ ತವರು. ಮಾರ್ಕೆಟ್ಟಿನೊಳಗೆ ಹೋದರೆ ಎಡಗಡೆ ಮೂರನೆಯದು ಅವಳ ಜಾಗ, ಕಂಬಕ್ಕೆ ಬೆನ್ನು ಕೊಟ್ಟು ಕೂರಬಹುದಾದದ್ದು. ಅವಳ ತಾಯಿ ಕೂತಿದ್ದ ಜಾಗ ಅದು. ಮದುವೆಯಾಗಿ ಕಾರವಾರಕ್ಕೆ ಬಂದ ಮೇಲೂ ಅವಳು ಅದನ್ನು ಬಿಡಲಿಲ್ಲ, ಗಂಡ ಹೋದ ವರ್ಷವೂ ಬಿಡಲಿಲ್ಲ. ಅದಕ್ಕೆ ಕಾಗದ ಪತ್ರ ಏನೂ ಇಲ್ಲ. ಹೆಂಗಸರೇ ಮಾಡಿಕೊಂಡ ಕಟ್ಟಳೆ ಒಂದೇ: ಹದಿನೈದು ದಿನ ಒಂದು ಜಾಗದಲ್ಲಿ ಬುಟ್ಟಿ ಇಳಿಯದಿದ್ದರೆ, ಹದಿನಾರನೇ ದಿನ ಯಾರು ಮೊದಲು ಬುಟ್ಟಿ ಇಳಿಸುತ್ತಾರೋ ಜಾಗ ಅವರದು. ಜ್ವರ ಎಂದರೂ ಕೇಳುವವರಿಲ್ಲ, ಬಾಣಂತನ ಎಂದರೂ ಇಲ್ಲ. ಮಗಳೋ ಸೊಸೆಯೋ ಬಂದು ಕೂರಬೇಕು.

ಜೂನ್ ಬಂತು. ನಮ್ಮಲ್ಲಿ ಮಳೆ ಹಿಡಿಯುವ ಮೊದಲು ದೋಣಿಗಳನ್ನು ದಂಡೆಯ ಮೇಲಕ್ಕೆ ಎಳೆದು, ಮರ ಬಿರಿಯದಂತೆ ಮೀನೆಣ್ಣೆ ಬಳಿದು, ಹೆಣೆದ ತೆಂಗಿನ ಮಡಲು ಹೊದಿಸಿ ಮುಚ್ಚುತ್ತಾರೆ. ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆಯೇ ಮತ್ತೆ ತೆರೆಯುವುದು. ನಮ್ಮ ಮನೆಯ ದೋಣಿ ಕಾಕನದು, ಅಪ್ಪನ ತಮ್ಮನದು. ದೋಣಿಯ ವಿಷಯದಲ್ಲಿ ಅವನ ಕೈ ಎಷ್ಟು ಅಚ್ಚುಕಟ್ಟೆಂದರೆ ಬೈತಖೋಲ ಬಂದರಿನವರೂ ಬಂದು ನೋಡಿಹೋಗುತ್ತಿದ್ದರು. ಒಂದು ಭಾನುವಾರ ಸಂಜೆ ನಾನು ಒಬ್ಬಳೇ ಪೇಟೆಗೆ ನಡೆದು ಹೋಗಿ ಮನೆಗೆ ಬಂದಾಗ ಅಂಗಳದಲ್ಲಿ ಎರಡು ದೋಣಿ ಕಂಡವು. ಒಂದು ದೋಣಿ. ಇನ್ನೊಂದು ನಮ್ಮ ಗಾಡಿ.

ಮಡಲು ಹೊದಿಸಿ, ಕತ್ತದ ಹಗ್ಗದಲ್ಲಿ ಬಿಗಿದು, ನಾಲ್ಕೂ ಮೂಲೆಗೆ ಕಲ್ಲು ಕಟ್ಟಿದ್ದ. ಕೆಳಗಿನಿಂದ ಇಣುಕಿದರೆ ನಾಲ್ಕು ಟಯರುಗಳೂ ಮಿರಮಿರ ಹೊಳೆಯುತ್ತಿದ್ದವು. ಬೀದಿಯ ಎರಡು ನಾಯಿಗಳು ಹಿಂದಿನ ಚಕ್ರವನ್ನು ಬಹಳ ಭಕ್ತಿಯಿಂದ ನೆಕ್ಕುತ್ತಿದ್ದವು.

"ಕಾಕಾ, ಟಯರಿಗೆ ಎಂತ ಹಚ್ಚಿದ್ದು?"

"ತಾರ್ಲೆ ಮೀನಿನ ಎಣ್ಣೆ," ಎಂದ ಕಾಕಾ, ಕೈ ಒರೆಸಿಕೊಳ್ಳುತ್ತಾ. "ಎರಡು ಕೈ ಹಚ್ಚಿದ್ದೆ. ನಿನ್ ತಮ್ಮ ಬರೂತನ್ಕ ಬಿರಿಯೂದಿಲ್ಲ ನೋಡು."

"ಅದು ಮರ ಅಲ್ಲ, ರಬ್ಬರು!"

"ಮರವೇ ಬಿರಿತದೆ, ಇನ್ನು ರಬ್ಬರ್ ಬಿಡ್ತದಾ? ಮಳೆಗಾಲದಲ್ಲಿ ನಿಂಗೆ ಗಾಡಿ ಎಂತಕೆ ತಂಗೀ? ಸಮುದ್ರವೇ ಬಾಗಿಲು ಹಾಕ್ಯದೆ."

ಅವನಿಗೆ ಇದು ಪ್ರೀತಿಯ ಕೆಲಸ, ಅದು ನನಗೆ ಗೊತ್ತು. ಎಣ್ಣೆ ಹಚ್ಚಿದ್ದಕ್ಕೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಆ ಕೊನೆಯ ಮಾತಿಗೆ. ಸಮುದ್ರ ಬಾಗಿಲು ಹಾಕಿದರೆ ಗಂಡಸರಿಗೆ ರಜೆ. ಬಲೆ ಹೆಣೆಯುತ್ತಾರೆ, ಇಸ್ಪೀಟು ಆಡುತ್ತಾರೆ, ಹಗಲು ಮಲಗುತ್ತಾರೆ. ಬೇಸಿಗೆಯಿಡೀ ಬಿಸಿಲಲ್ಲಿ ಬೆನ್ನು ಸುಟ್ಟುಕೊಂಡು ಆಯಿ ಒಣಗಿಸಿಟ್ಟ ಬಂಗಡೆ, ಸಿಗಡಿ ಮಾರಾಟವಾಗುವುದೇ ಮಳೆಗಾಲದಲ್ಲಿ. ಮನೆಯ ಒಲೆ ಉರಿಯುವುದು ಅದರಿಂದ. ಅಂಥ ಕಾಲಕ್ಕೆ ಗಾಡಿ ಬೇಡ ಎಂದು ಅವನು ಒಬ್ಬನೇ ತೀರ್ಮಾನ ಮಾಡಿ, ಹಗ್ಗವನ್ನೂ ಕಟ್ಟಿಬಿಟ್ಟಿದ್ದ.

ಆಯಿ "ಬಸ್ಸದೆ" ಎಂದಳು. ಸೋಮವಾರ ಒಣಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಿದಳು. ಹೊಸ ಕಂಡಕ್ಟರ್ ಮೂಗಿಗೆ ಕರವಸ್ತ್ರ ಹಿಡಿದು, ತೋಡೂರಿನಲ್ಲಿ ಅವಳನ್ನೂ ಜೊತೆಗಾತಿಯರನ್ನೂ ಇಳಿಸಿದ. ಟಿಕೆಟ್ ತೆಗೆದಾಗಿತ್ತು. ಮಳೆ ಹೊಡೆಯುತ್ತಿತ್ತು. ಒಣಮೀನು ನೆನೆಯದಂತೆ ಆಯಿ ತನ್ನ ತಲೆಯ ಪ್ಲಾಸ್ಟಿಕ್ಕನ್ನು ಬುಟ್ಟಿಗೆ ಹೊದಿಸಿ, ನೋಯುವ ಮೊಣಕಾಲಿನಲ್ಲೇ ಹಿಂದಕ್ಕೆ ನಡೆದಳು. ಮಂಗಳವಾರ ಬೇರೆ ಬಸ್ಸು ನಿಲ್ಲಲೇ ಇಲ್ಲ. ಬುಧವಾರ ಮತ್ತೆ ಅದೇ ಕಂಡಕ್ಟರ್. ಅವತ್ತು ಮನೆಗೆ ಬಂದು ಕೂತವಳು ಗೋಡೆಯ ಕ್ಯಾಲೆಂಡರನ್ನು ನೋಡುತ್ತಾ ಬೆರಳು ಮಡಚಿದಳು. ಭಾನುವಾರ ಕೊನೆಯ ಸಲ ಬುಟ್ಟಿ ಇಳಿಸಿದ್ದು. ಆಗಲೇ ಮೂರು ದಿನ.

"ನಾ ಶಾಲೆಗೆ ಹೋಗೂ ಮೊದ್ಲು ಒಂದು ತಾಸು ಕೂತ್ಕತೆ," ಎಂದೆ.

"ನೀ ಅಲ್ಲಿ ಕೂರೂದಲ್ಲ," ಎಂದಳು ಆಯಿ. ಮನೆಯಲ್ಲಿ ನಾವಾಡುವುದು ಕೊಂಕಣಿ, ಆದರೆ ಖಡಾಖಂಡಿತ ಹೇಳುವುದಿದ್ದರೆ ಅವಳಿಗೆ ಮಾರ್ಕೆಟ್ಟಿನ ಕನ್ನಡ ಬರುತ್ತಿತ್ತು. "ಅದು ನನ್ ಜಾಗ. ನಾ ಇನ್ನೂ ಸತ್ತಿಲ್ಲ."

ಗುರುವಾರ ಬೆಳಿಗ್ಗೆ ಹಗ್ಗ ಕತ್ತರಿಸಿದೆ. ಬಿಚ್ಚಲು ತಾಳ್ಮೆ ಇರಲಿಲ್ಲ, ಕತ್ತಿಯಲ್ಲೇ ಕಡಿದೆ. ಟಯರುಗಳನ್ನು ಸಾಬೂನು ಪುಡಿ ಹಾಕಿ ಮೂರು ಸಲ ತಿಕ್ಕಿದೆ. ಎಣ್ಣೆ ಮೇಲಿಂದ ಹೋದಂತೆ ಕಂಡಿತು. ತಿಕ್ಕುವಾಗಲೇ ನಾನು ಆ ಟಯರುಗಳನ್ನು ಮೊದಲ ಸಲ ಸರಿಯಾಗಿ ನೋಡಿದ್ದು. ಗೀರುಗಳೆಲ್ಲ ಸವೆದು ಬೋಳಾಗಿದ್ದವು. ನೋಡಿಯೂ ಹೊರಟೆ. ಅದು ನನ್ನ ತಪ್ಪು, ಕಾಕನ ಮೇಲೆ ಹಾಕುವುದಿಲ್ಲ.

ಆ ವರ್ಷಗಳಲ್ಲಿ ಹೆದ್ದಾರಿಯ ತುಂಬ ಅದಿರಿನ ಲಾರಿ. ಬೇಸಿಗೆಯಲ್ಲಿ ಉದುರಿದ ಕೆಂಪು ಪುಡಿ ಮೊದಲ ಮಳೆಗಳಿಗೆ ಕಲಸಿಕೊಂಡು ಟಾರಿನ ಮೇಲೆ ಲೋಳೆಯಾಗಿ ಕೂರುತ್ತಿತ್ತು. ಬಿಣಗಾದ ಇಳುಕಲಿನಲ್ಲಿ ಮುಂದಿನ ಲಾರಿ ಬ್ರೇಕ್ ಹಾಕಿತು, ನಾನೂ ಹಾಕಿದೆ. ಗಾಡಿ ಕೇಳಲಿಲ್ಲ. ಒಂದು ಕ್ಷಣ ಅದು ನಿಜವಾಗಿಯೂ ದೋಣಿಯೇ ಆಗಿಬಿಟ್ಟಿತು, ಹಿಂಭಾಗ ತನ್ನಷ್ಟಕ್ಕೆ ತಿರುಗಿ ಎಡಗಡೆಯ ಚರಂಡಿಗೆ ಇಳಿದು ವಾಲಿ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಹಿಂದಿನ ಬಾಗಿಲು ತೆರೆದುಕೊಂಡು ಮೂರು ಬುಟ್ಟಿ ಒಣಮೀನು ಕೆಂಪು ನೀರಿನಲ್ಲಿ ತೇಲಿದವು.

ಆಯಿ ಇಳಿದಳು. ನನ್ನ ಕಡೆ ನೋಡಲಿಲ್ಲ. ಸೀರೆ ಎತ್ತಿ ಕಟ್ಟಿ, ನೀರಿನಿಂದ ಒಂದೊಂದೇ ಬಂಗಡೆ ಹೆಕ್ಕಿ, ಹಿಂಡಿ, ಬುಟ್ಟಿಗೆ ಹಾಕತೊಡಗಿದಳು. ಅದು ಇನ್ನು ಮಾರಾಟಕ್ಕಲ್ಲ, ಗೊಬ್ಬರಕ್ಕೆ ಎಂದು ಅವಳಿಗೂ ಗೊತ್ತು. ಹೆಕ್ಕುವುದನ್ನು ಬಿಡಲಿಲ್ಲ. ನಾನು ಸ್ಟೇರಿಂಗ್ ಹಿಡಿದು ಕೂತು ಅತ್ತೆ. ಬೈದಿದ್ದರೆ ಅಷ್ಟು ಅಳು ಬರುತ್ತಿರಲಿಲ್ಲ.

ಆ ದಿನದಿಂದ ಕೋಡಿಬಾಗದ ಗಂಡಸರಿಗೆ ಹಬ್ಬ. ಮಳೆಗಾಲ ಬೇರೆ, ಕೆಲಸವಿಲ್ಲ, ಕಟ್ಟೆಯ ಮೇಲೆ ಕೂತು ನನ್ನ ಚಕ್ರದ ಚರ್ಚೆ. ಹೆಂಗಸರಿಗೆ ಇಷ್ಟು ದೊಡ್ಡ ಗಾಡಿ ಆಗೂದಿಲ್ಲ ಎಂದ ಒಬ್ಬ. ಗಾಡಿ ಮಾರಿ ಸ್ಕೂಟಿ ತಕಳಿ ಎಂದ ಇನ್ನೊಬ್ಬ, ಸ್ಕೂಟಿಯಲ್ಲಿ ಮೂರು ಬುಟ್ಟಿ ಎಲ್ಲಿಡುವುದೆಂದು ಹೇಳಲಿಲ್ಲ. ಕಾಕಾ ಹೊಸ ಹಗ್ಗ ತಂದಿಟ್ಟ. "ನಾ ಹೇಳಿದ್ದೆ" ಎಂಬ ಮಾತನ್ನು ಅವನು ಹೇಳಲಿಲ್ಲ, ಮುಖದಲ್ಲಿ ಇಟ್ಟುಕೊಂಡು ಓಡಾಡಿದ. ನಾನು ಹಗ್ಗವನ್ನು ತೆಗೆದು ಬಾವಿಯ ರಾಟೆಗೆ ಹಾಕಿದೆ.

ತಪ್ಪು ನನ್ನ ಕೈಯದಲ್ಲ, ಟಯರಿನದು ಎಂದು ನನಗೆ ಖಾತ್ರಿಯಿತ್ತು. ಸರಿ, ಯಾವ ಟಯರು? ಮಕ್ಕಳಿಗೆ ಸಂಧಿ ಸಮಾಸ ಕಲಿಸುವವಳು ಆ ವಾರ ಟಯರು ಕಲಿತೆ. ಟಯರಿನ ಪಕ್ಕೆಯಲ್ಲಿ ಬರೆದಿರುವ ಅಂಕೆಗಳಿಗೆ ಅರ್ಥವಿದೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೊದಲನೆಯದು ಅಗಲ. ಎರಡನೆಯದು ಆ ಅಗಲಕ್ಕೆ ರಬ್ಬರಿನ ಪಕ್ಕೆ ಎಷ್ಟು ಎತ್ತರ ಎಂಬ ಲೆಕ್ಕ. ಮೂರನೆಯದು ಒಳಗಿನ ಚಕ್ರದ ಇಂಚು. ಚಕ್ರ ದೊಡ್ಡದು ಮಾಡಿದಷ್ಟೂ ರಬ್ಬರ್ ತೆಳ್ಳಗೆ ಮಾಡಬೇಕು, ಇಲ್ಲದಿದ್ದರೆ ಒಟ್ಟು ಎತ್ತರ ಹೆಚ್ಚಾಗಿ ಮಡ್‌ಗಾರ್ಡಿಗೆ ತಾಗುತ್ತದೆ, ಮೀಟರಿನ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಅಂದರೆ ಇಷ್ಟು ದಿನ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಹೋಗುತ್ತಿದ್ದೆ. ಇದು ತಿಳಿದಾಗ ಬಿಣಗಾದ ಇಳುಕಲು ಇನ್ನೊಮ್ಮೆ ಕಣ್ಣೆದುರು ಬಂತು.

ಪೇಟೆಯ ಇಂಟರ್ನೆಟ್ ಅಂಗಡಿಯಲ್ಲಿ ಅರ್ಧ ತಾಸು ಕೂತು ಹುಡುಕಿದೆ. ಎಲ್ಲ ಕಾಲಕ್ಕೂ ಆಗುವ ಟಯರು ಎಂದು ಪುಟಗಟ್ಟಲೆ ಬರೆದಿದ್ದರು, ಆದರೆ ಅವರ ಎಲ್ಲ ಕಾಲ ಎಂದರೆ ಬಿಸಿಲು ಮತ್ತು ಹಿಮ. ಕಾರವಾರದ ಜೂನ್ ಅವರ ಯಾವ ಕಾಲದಲ್ಲೂ ಇರಲಿಲ್ಲ. ತಿಂಗಳುಗಟ್ಟಲೆ ಬಿಡದೆ ಹೊಯ್ಯುವ ನೀರು, ಅದರ ಕೆಳಗೆ ಅದಿರಿನ ಲೋಳೆ, ಮನೆಗೆ ತಿರುಗುವಲ್ಲಿ ಹೊಳೆಬದಿಯ ಮರಳು. ನಾನೇ ಒಂದು ಹಾಳೆಯ ಮೇಲೆ ಬರೆದುಕೊಂಡೆ. ಹೆದ್ದಾರಿಗೆಂದೇ ಮಾಡಿದ ನುಣ್ಣನೆಯ ಟಯರು ಬೇಡ, ಕೆಸರಲ್ಲಿ ಕೈ ಕೊಡುತ್ತದೆ. ಕೆಸರಿಗೆಂದೇ ಮಾಡಿದ ದೊಡ್ಡ ಹಲ್ಲಿನ ಟಯರೂ ಬೇಡ, ಒದ್ದೆ ಟಾರಿನ ಮೇಲೆ ಬ್ರೇಕಿಗೆ ನಿಲ್ಲುವುದಿಲ್ಲ, ದಾರಿಯುದ್ದಕ್ಕೂ ಊಳಿಡುತ್ತದೆ. ಎರಡರ ನಡುವಿನದು ಬೇಕು, ನೀರು ಹೊರಗೆ ತಳ್ಳುವ ಆಳದ ಗೀರು ಬೇಕು, ಈಗಿರುವುದಕ್ಕಿಂತ ಒಂದು ಬೆರಳು ಕಿರಿದಿರಬೇಕು, ನಾಲ್ಕು ಹೆಂಗಸರು ಮತ್ತು ಅವರ ಬುಟ್ಟಿಗಳನ್ನು ಹೊರುವ ತಾಕತ್ತಿನ ಅಂಕೆ ಪಕ್ಕೆಯ ಮೇಲೆ ಇರಬೇಕು. ಹದಿನೈದು ಇಂಚಿನ ಚಕ್ರಕ್ಕೇ ವಾಪಸ್ಸು ಹೋಗುವುದು ಬುದ್ಧಿವಂತಿಕೆ ಎಂದು ತಿಳಿದವರು ಹೇಳಿದರು. ಅದೂ ನಿಜವೇ. ಆದರೆ ಹಳೆಯ ಚಕ್ರಗಳು ಗೋವೆಯಲ್ಲೇ ಉಳಿದಿದ್ದವು, ಹೊಸ ಚಕ್ರವನ್ನೂ ಹೊಸ ಟಯರನ್ನೂ ಒಟ್ಟಿಗೆ ಕೊಳ್ಳುವ ಶಕ್ತಿ ನನಗಿರಲಿಲ್ಲ. ಮತ್ತೆ, ಕಟ್ಟೆಯ ಮೇಲಿನವರೆಲ್ಲ ಬಿಚ್ಚು ಬಿಚ್ಚು ಎನ್ನುತ್ತಿದ್ದುದರಿಂದ ಬಿಚ್ಚಲು ನನಗೆ ಮನಸ್ಸೂ ಬರಲಿಲ್ಲ. ಸುಳ್ಳು ಹೇಳಿ ಏನಾಗಬೇಕು?

ಮೊದಲೆರಡು ಅಂಗಡಿಯಲ್ಲಿ ನನ್ನ ಹಾಳೆಯನ್ನು ಮುಟ್ಟಲೂ ಇಲ್ಲ. "ಯಜಮಾನ್ರನ್ನ ಕಳ್ಸಿ ಅಕ್ಕೋರೇ" ಎಂದರು. ನನಗೆ ಯಜಮಾನರು ಇರಲಿಲ್ಲ, ಇದ್ದಿದ್ದರೂ ಕಳಿಸುತ್ತಿರಲಿಲ್ಲ. ಮೂರನೆಯದು ದೊಡ್ಡ ಅಂಗಡಿ, ಗಾಜಿನ ಷೋಕೇಸಿನದು. ಅಲ್ಲಿಗೆ ಹೊರಟಾಗ ಆಯಿ ತಾನೂ ಬರುತ್ತೇನೆಂದು ಚಪ್ಪಲಿ ಮೆಟ್ಟಿದಳು.

"ನೀ ಬಂದು ಎಂತ ಮಾಡ್ತೆ ಆಯಿ?"

"ಚೆಲ್ಲಿದ್ದು ನನ್ ಮೀನು. ನಾನೂ ನೋಡ್ತೆ."

ಅಂಗಡಿಯವನು ಮಾತಿನಲ್ಲಿ ಬೆಣ್ಣೆ. ಹಾಳೆಯನ್ನು ಪೂರ್ತಿ ಓದಿದ. ನನ್ನಂಥ ಗಿರಾಕಿ ಇಡೀ ಕಾರವಾರದಲ್ಲಿ ಇಲ್ಲ ಎಂದ. ನನ್ನ ಅದೃಷ್ಟಕ್ಕೆ ಅದೇ ಅಳತೆಯ, ಎಲ್ಲ ಕಾಲಕ್ಕೂ ಆಗುವ ನಾಲ್ಕು ಟಯರು ತನ್ನಲ್ಲೇ ಇವೆ ಎಂದು ಷೋಕೇಸಿನಿಂದ ಒಂದನ್ನು ಉರುಳಿಸಿ ತಂದು ನಿಲ್ಲಿಸಿದ. ಕರ್ರಗೆ ಮಿಂಚುತ್ತಿತ್ತು. ಗೀರು ಆಳವಾಗಿತ್ತು. ಅಗಲ ಸರಿ, ಎತ್ತರ ಸರಿ, ಭಾರದ ಅಂಕೆ ಸರಿ. ನನ್ನ ಹಾಳೆಯಲ್ಲಿ ಬರೆದದ್ದೆಲ್ಲ ಸರಿ. ಒಬ್ಬ ಗಂಡಸಾದರೂ ನನ್ನನ್ನು ತಿಳಿದವಳಂತೆ ಮಾತಾಡಿಸಿದ ಎಂಬ ಖುಷಿಯಲ್ಲಿ ನಾನು ಹೂಂ ಎನ್ನುವುದರಲ್ಲಿದ್ದೆ.

ಆಯಿ ಬೆಂಚಿನಿಂದ ಎದ್ದು ಬಂದಳು. ಟಯರಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮೀನಿನ ಬೆನ್ನಿಗೆ ಒತ್ತುವ ಹಾಗೆ ರಬ್ಬರಿಗೆ ಹೆಬ್ಬೆರಳು ಒತ್ತಿದಳು. ಇನ್ನೊಂದು ಕಡೆ ಒತ್ತಿದಳು. ಉಗುರು ಊರಿ ನೋಡಿದಳು. ಮೂಸಿದಳು.

"ಅಮ್ಮಾ, ಅದು ಬಂಗಡೆ ಅಲ್ಲ!" ಎಂದು ಅಂಗಡಿಯವನು ನಕ್ಕ. ಅಲ್ಲಿದ್ದ ಗಿರಾಕಿಗಳೂ ನಕ್ಕರು. ನನಗೆ ನಾಚಿಕೆಯಾಯಿತು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತಿದೆ, ಆದರೆ ಆಗ ಆದದ್ದು ಅವಳ ಬಗ್ಗೆ.

ಆಯಿ ನಗಲಿಲ್ಲ. ಕಿವಿರು ಎತ್ತಿ ನೋಡುವ ಹಾಗೆ ಎರಡೂ ಹೆಬ್ಬೆರಳಿನಿಂದ ಟಯರಿನ ಗೀರನ್ನು ಅಗಲಿಸಿದಳು. "ಇಲ್ಲಿ ಬಾ" ಎಂದು ನನ್ನನ್ನು ಕರೆದಳು. ಬಗ್ಗಿ ನೋಡಿದೆ. ಹೊರಗಿನ ಮಿಂಚಿನ ಕೆಳಗೆ, ಗೀರಿನ ತಳದಲ್ಲಿ, ಕೂದಲೆಳೆಯಂಥ ಬಿರುಕುಗಳು. ಒಂದಲ್ಲ, ಸಾಲುಸಾಲು. ಆಯಿ ಸೆರಗಿನ ತುದಿಯಿಂದ ಟಯರಿನ ಪಕ್ಕೆಯನ್ನು ತಿಕ್ಕಿದಳು. ಸೆರಗಿಗೆ ಕಪ್ಪು ಬಣ್ಣ ಬಂತು, ತಿಕ್ಕಿದ ಜಾಗ ಬೂದಿಯ ಬಣ್ಣಕ್ಕೆ ತಿರುಗಿತು.

"ಹಳೇ ಮೀನಿನ ಕಿವಿರಿಗೆ ಕೆಂಪು ಬಣ್ಣ ಹಚ್ಚಿ ಕೂರ್ತರಲ್ಲ, ಹಂಗೆ," ಎಂದಳು. "ಹೊಸ್ತಿದ್ರೆ ಬೆರಳು ಒತ್ತಿದ್ರೆ ಒಳ್ಗೆ ಹೋಗಿ ವಾಪಸ್ ಬತ್ತದೆ. ಇದು ಸೆಟೆದ್ ಹೋಗ್ಯದೆ."

ಆಗ ನನಗೆ ನೆನಪಾಯಿತು, ಇಂಟರ್ನೆಟ್ಟಿನಲ್ಲಿ ಓದಿಯೂ ಹಾಳೆಯಲ್ಲಿ ಬರೆದುಕೊಳ್ಳಲು ಮರೆತದ್ದು. ಟಯರಿನ ಪಕ್ಕೆಯಲ್ಲಿ ಒಂದು ಸಣ್ಣ ಚೌಕದೊಳಗೆ ನಾಲ್ಕು ಅಂಕೆ ಇರುತ್ತದೆ, ಯಾವ ವರ್ಷದ ಎಷ್ಟನೇ ವಾರ ತಯಾರಾದದ್ದೆಂದು. ಅವನು ಆ ಬದಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ. ತಿರುಗಿಸಿದೆ. ಐದು ವರ್ಷದ ಹಿಂದಿನದು. ಐದು ಬೇಸಿಗೆ ಆ ಗಾಜಿನ ಹಿಂದೆ ಬಿಸಿಲು ಕಾಯ್ದದ್ದು.

"ಬಳಸ್ದೇ ಇಟ್ಟ ಟಯರು ಹಳತಾಗೂದಿಲ್ಲ ಅಮ್ಮಾ," ಎಂದ ಅಂಗಡಿಯವನು. ಧ್ವನಿಯಲ್ಲಿ ಬೆಣ್ಣೆ ಕರಗಿತ್ತು.

"ತಿನ್ನದೇ ಇಟ್ಟ ಮೀನು ಎಂತಾಗ್ತದೆ?" ಎಂದು ಕೇಳಿದಳು ಆಯಿ, ಮಂಡಿ ಹಿಡಿದು ಏಳುತ್ತಾ.

ನಕ್ಕಿದ್ದ ಗಿರಾಕಿಗಳಲ್ಲಿ ಒಬ್ಬ ತಾನು ಕೊಂಡು ಪಕ್ಕಕ್ಕಿಟ್ಟಿದ್ದ ಟಯರನ್ನು ಮೆಲ್ಲನೆ ತಿರುಗಿಸಿ ಅಂಕೆ ಹುಡುಕತೊಡಗಿದ. ನಾವು ಹೊರಗೆ ಬಂದೆವು. ಬಾಗಿಲಲ್ಲಿ ನಾನು ಆಯಿಯ ಕಪ್ಪಾದ ಸೆರಗನ್ನು ಹಿಡಿದುಕೊಂಡೆ, ಚಿಕ್ಕವಳಿದ್ದಾಗ ಮಾರ್ಕೆಟ್ಟಿನಲ್ಲಿ ಹಿಡಿಯುತ್ತಿದ್ದ ಹಾಗೆ.

ಕೊನೆಗೆ ಟಯರು ತರಿಸಿಕೊಟ್ಟವನು ಹೊಳೆದಂಡೆಯ ಒಬ್ಬ ಪಂಕ್ಚರ್ ಅಂಗಡಿಯವನು. ಒಂದೇ ಶೆಡ್ಡು, ಷೋಕೇಸು ಇಲ್ಲ. ಹಾಳೆ ನೋಡಿ, "ಇದು ನನ್ ಹತ್ರ ಇಲ್ಲ, ಹುಬ್ಬಳ್ಳಿಂದ ಬರ್ಬೇಕು" ಎಂದ. ಇಲ್ಲ ಎನ್ನುವವನನ್ನು ನಂಬಬಹುದು ಎಂದು ಆಯಿ ಅಂದಳು. ಬುಟ್ಟಿ ಕಂಡರೆ ಬಸ್ಸು ನಿಲ್ಲುತ್ತಲೇ ಇರಲಿಲ್ಲ, ನಾವು ಟಯರಿಗೇ ಕಾಯ್ದೆವು. ಆಯಿ ದಿನಾ ಬೆರಳು ಮಡಚುತ್ತಿದ್ದಳು. ಹತ್ತು. ಹನ್ನೊಂದು. ಘಟ್ಟದಲ್ಲಿ ಮರ ಬಿದ್ದು ಲಾರಿ ನಿಂತಿದೆ ಎಂದ ದಿನ ಅವಳು ಊಟ ಬಿಟ್ಟಳು. ಹದಿಮೂರನೇ ದಿನ ಟಯರು ಬಂದವು. ನಾಲ್ಕಕ್ಕೂ ಹೆಬ್ಬೆರಳು ಒತ್ತಿ, ಒಂದಕ್ಕೆ ಎರಡು ಸಲ ಒತ್ತಿ, "ಅಡ್ಡಿಲ್ಲ" ಎಂದಳು. ನಾನು ಅಂಕೆ ನೋಡಿದೆ. ಆ ವರ್ಷದವೇ. ಮಾರನೇ ದಿನ ಸಂಜೆಯೊಳಗೆ ಹಾಕಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ನೋಡಿದೆ. ಕರಕರ ಸದ್ದಿಲ್ಲ.

ಹದಿನೈದನೇ ದಿನ ಬೆಳಿಗ್ಗೆ ಮಳೆ ಎಂದರೆ ಮಳೆ. ಗಾಡಿ ಚಾಲೂ ಮಾಡುವಾಗ ಕಾಕಾ ಕೊಡೆ ಹಿಡಿದು ಬಂದು ಮುಂದಿನ ಬಾಗಿಲು ತೆಗೆದು ಕೂತ.

"ನೀ ಎಲ್ಲಿಗೆ?"

"ಸಾಯೂದಾದ್ರೆ ಎಲ್ಲರೂ ಒಟ್ಟಿಗೆ ಸಾಯ್ವ," ಎಂದ. ಮುಂದಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದ.

ಬಿಣಗಾದ ಇಳುಕಲಿನಲ್ಲಿ ಗೇರು ಇಳಿಸಿದೆ. ಅದೇ ಕೆಂಪು ಲೋಳೆ, ಮುಂದೆ ಅಂಥದೇ ಲಾರಿ. ಬ್ರೇಕಿನ ಮೇಲೆ ಕಾಲಿಟ್ಟೆ. ಗಾಡಿ ನಿಂತಿತು. ಸುಮ್ಮನೆ, ಎಲ್ಲಿ ನಿಲ್ಲಬೇಕೋ ಅಲ್ಲಿ. ಹಿಂದೆ ಆಯಿ ಬುಟ್ಟಿಯ ಮೇಲಿಂದ ಕೈ ತೆಗೆದದ್ದು ಕನ್ನಡಿಯಲ್ಲಿ ಕಂಡಿತು. ತೋಡೂರಿನ ಹತ್ತಿರ ರಸ್ತೆಗೆ ನೀರು ಬಂದು ಒಂದು ಬಸ್ಸು, ನಾಲ್ಕಾರು ಕಾರು ನಿಂತಿದ್ದವು. ತಮ್ಮನ ಆ ದೊಡ್ಡ ಚಕ್ರಕ್ಕೆ ನಾನು ಅವತ್ತು ಮೊದಲ ಸಲ ಮನಸ್ಸಿನಲ್ಲೇ ಕೈ ಮುಗಿದೆ. ನೀರು ಎಷ್ಟಿದೆ ಎಂದು ಇಳಿದು ನೋಡಿದವನು ಕಾಕಾ. ಮೊಣಕಾಲಿಗಿಂತ ಕೆಳಗೆ ಎಂದು ಕೈಸನ್ನೆ ಮಾಡಿ, ತಾನೇ ಮುಂದೆ ನಡೆದು ದಾರಿ ತೋರಿಸಿದ, ದೋಣಿಯನ್ನು ಅಳಿವೆ ದಾಟಿಸುವವನಂತೆ. ಬಸ್ಸಿನ ಕಿಟಕಿಯಿಂದ ಮೂಗಿಗೆ ಕರವಸ್ತ್ರ ಹಿಡಿಯುವ ಕಂಡಕ್ಟರ್ ಇಣುಕುತ್ತಾನೋ ಎಂದು ನೋಡಿದೆ. ಬೇರೆ ಬಸ್ಸು. ನನಗೆ ಸ್ವಲ್ಪ ಬೇಸರವೇ ಆಯಿತು.

ಮಾರ್ಕೆಟ್ಟಿಗೆ ಹೋದರೆ ಎಡಗಡೆ ಮೂರನೇ ಜಾಗದಲ್ಲಿ ಒಬ್ಬಳು ಗೋಣಿ ಹಾಸಿ ಕೂತಿದ್ದಳು. ಹಟ್ಟಿಕೇರಿಯವಳು, ಆಯಿಗಿಂತ ಚಿಕ್ಕವಳು. ಮುಂದೆ ಒಣ ಸಿಗಡಿಯ ಬುಟ್ಟಿ. ಸೀರೆಯಿಂದ ನೀರು ಇಳಿಯುತ್ತಿತ್ತು.

"ಹದ್ನೈದು ದಿನ ಆಯ್ತು," ಎಂದಳು, ಮುಖ ಎತ್ತದೆ.

"ಇವತ್ತು ಹದ್ನೈದು," ಎಂದಳು ಆಯಿ. "ನಾಳೆ ಆಗಿದ್ರೆ ನಿಂದು. ಏಳು."

ಅಕ್ಕಪಕ್ಕದ ಹೆಂಗಸರೆಲ್ಲ ಬೆರಳು ಮಡಚಿ ನೋಡಿದರು. ಆಯಿಯ ಲೆಕ್ಕ ಸರಿ ಎಂದರು. ಅವಳು ಎದ್ದು, ಗೋಣಿ ಮಡಚಿ, ಬಾಗಿಲ ಹತ್ತಿರ ಮಳೆಯ ಇರಚಲು ಬೀಳುವಲ್ಲಿ ಹೋಗಿ ಕೂತಳು. ಆಯಿ ಬುಟ್ಟಿ ಇಳಿಸಿದಳು. ಕಂಬಕ್ಕೆ ಬೆನ್ನು ಕೊಟ್ಟಳು. ಕಣ್ಣು ಮುಚ್ಚಿ ಒಮ್ಮೆ ಉಸಿರು ಬಿಟ್ಟಳು. ನಾನು ಶಾಲೆಗೆ ತಡವಾಗಿ ಹೋಗಿ ಹೆಡ್ಮಾಸ್ತರರ ಎದುರು ತಲೆ ಎತ್ತಿಯೇ ನಿಂತೆ.

ಸಂಜೆ ವಾಪಸ್ಸು ಹೊರಟಾಗ ಬಸ್‌ಸ್ಟ್ಯಾಂಡಿನ ಹೊರಗೆ ಆ ಹಟ್ಟಿಕೇರಿಯವಳು ಬುಟ್ಟಿ ಹೊತ್ತು ನಿಂತಿದ್ದಳು. ಅವಳನ್ನೂ ಬೆಳಿಗ್ಗೆ ಬಸ್ಸು ಹತ್ತಿಸಿರಲಿಲ್ಲವಂತೆ, ನಡೆದೇ ಬಂದಿದ್ದಳು.

"ನಿಲ್ಸು," ಎಂದಳು ಆಯಿ.

"ಗಾಡಿಲಿ ಜಾಗ ಎಲ್ಲದೆ ವೈನೀ?" ಎಂದ ಕಾಕಾ, ಅತ್ತಿಗೆಯ ಕಡೆ ತಿರುಗಿ. "ಮೇಲಿಂದ ನಿನ್ ಜಾಗಕ್ಕೆ ಕೂತವಳು."

"ಮಾರ್ಕೆಟ್ಟಿನ ಜಾಗ ಬೇರೆ, ಗಾಡಿ ಜಾಗ ಬೇರೆ. ನೀ ಹಿಂದೆ ಹೋಗು." ಆಯಿ ಕಿಟಕಿಯ ಗಾಜು ಇಳಿಸಿ ಅವಳನ್ನು ಕರೆದಳು. ಕಾಕಾ ಇಳಿದು ಹಿಂದೆ ಹೋಗಿ ಬುಟ್ಟಿಗಳ ನಡುವೆ ಕೂತ. ಆ ಮಳೆಗಾಲ ಮುಗಿಯುವವರೆಗೂ ಹಟ್ಟಿಕೇರಿಯಲ್ಲಿ ಒಂದು ನಿಲುಗಡೆ ಹೆಚ್ಚಾಯಿತು.

ಮರುವರ್ಷದ ಜೂನ್. ಮೊದಲ ಗುಡುಗು ಕೇಳಿದ ಸಂಜೆ ಕಾಕಾ ದೋಣಿಗೆ ಎಣ್ಣೆ ಬಳಿದು ಮುಗಿಸಿ, ಉಳಿದ ಎಣ್ಣೆಯ ಡಬ್ಬಿ ಒಂದು ಕೈಯಲ್ಲಿ, ಮಡಲಿನ ಕಟ್ಟು ಇನ್ನೊಂದು ಕಂಕುಳಲ್ಲಿ, ಗಾಡಿಯ ಹತ್ತಿರ ಬಂದು ನಿಂತ. ಅಭ್ಯಾಸದಲ್ಲಿ ಬಂದನೋ, ಕೆಣಕಲು ಬಂದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಯಿ ಬಾವಿಕಟ್ಟೆಯಲ್ಲಿ ಬುಟ್ಟಿ ತೊಳೆಯುತ್ತಿದ್ದವಳು ಎದ್ದು ಬಂದು ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು, ಮಾರ್ಕೆಟ್ಟಿನ ಕಂಬಕ್ಕೆ ಒರಗಿ ಕೂರುವ ಹಾಗೆಯೇ.

"ನಿನ್ ದೋಣಿ ನೀ ಮುಚ್ಕ. ಇದ್ನ ಮುಟ್ಬೇಡ."

ದೂರದಲ್ಲಿ ಕಡಲು ಮೊರೆಯುತ್ತಿತ್ತು. ಕಾಕಾ ಮಡಲು ಕೆಳಗಿಟ್ಟು ಕೇಳಿದ, "ಹಂಗಾರೆ ನಾರಳಿ ಹುಣ್ಣಿಮೆ ತನ್ಕ ನಾ ಎಂತ ಮಾಡೂದು ವೈನೀ?"

"ಬೆಳಿಗ್ಗೆ ಐದಕ್ಕೆ ಏಳು," ಎಂದಳು ಆಯಿ. "ಬುಟ್ಟಿ ಎತ್ತಿ ಗಾಡಿಗೆ ಹಾಕು."